ಗಂಜ್ ಹತ್ತಿರದ ಸರ್ಕಾರಿ ಬ್ಯಾಂಕು: ಬಂಗಾರದ ಸಾಲಕ್ಕೆ ಬಿರುಸು, ಪಾಸ್‌ಬುಕ್ಕಿಗೆ ನಿಧಾನ

ಕಲಬುರಗಿಯ ದವಸಧಾನ್ಯದ ಮಾರುಕಟ್ಟೆ ನೆಹರೂ ಗಂಜ್ ಹತ್ತಿರದ ಒಂದು ಸರ್ಕಾರಿ ಬ್ಯಾಂಕಿನ ಶಾಖೆ ಇದು, ಹೆಸರು ಬೇಡ. ಐದಕ್ಕೆ ಮೂರು ಸ್ಟಾರ್. ಆ ಮೂರೂ ಹೆಚ್ಚುಕಮ್ಮಿ ಬಂಗಾರದ ಸಾಲದ ಕೌಂಟರಿಗೇ ಸಲ್ಲಬೇಕು.

ಅಲ್ಲಿ ಒಡವೆ ತೂಗಿ, ಸಹಿ ಹಾಕಿಸಿಕೊಂಡು, ರೊಕ್ಕ ಖಾತೆಗೆ ಹಾಕಿಬಿಡುತ್ತಾರೆ. ನಯವಾಗಿ ಮಾತಾಡುತ್ತಾರೆ ಕೂಡ. ಯಾಕೆ ಅಂದರೆ ಆ ಸಾಲದಲ್ಲಿ ಬ್ಯಾಂಕಿಗೆ ಭಯ ಕಡಿಮೆ, ಯಾರಾದರೂ ಕಟ್ಟದಿದ್ದರೂ ಬಂಗಾರ ತಿಜೋರಿಯಲ್ಲೇ ಇರುತ್ತದೆ. ಬೇರೆ ಸಾಲ ಹಾಗಲ್ಲ. ಕಂತು 90 ದಿನ ಮೀರಿ ಬಾಕಿ ಉಳಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ (ಬೆಳೆ ಸಾಲಕ್ಕೆ ಮಾತ್ರ ದಿನದ ಬದಲು ಸುಗ್ಗಿಯ ಲೆಕ್ಕ), ಆಮೇಲೆ ಲಾಭದಲ್ಲೇ ಒಂದಿಷ್ಟು ತೆಗೆದು ಪಕ್ಕಕ್ಕಿಡಬೇಕು. ತೊಗರಿ ಬೆಲೆ ಬಿದ್ದು ಜನ ಕಂತು ಕಟ್ಟದಿದ್ದರೆ ಮ್ಯಾನೇಜರ್ ಸಾಹೇಬರ ಮುಖ ಸಪ್ಪಗಾಗದೆ ಇನ್ನೇನಾಗುತ್ತದೆ?

ಪಾಸ್‌ಬುಕ್ ವಿಷಯ ಕೇಳಲೇಬೇಡಿ. ಮಷಿನ್ ಕೆಟ್ಟಿದೆ ಅಂತ ಚೀಟಿ ಅಂಟಿಸಿದ್ದಾರೆ, ಆ ಚೀಟಿಯೂ ಹಳದಿಯಾಗಿದೆ. ಕೌಂಟರಿನಲ್ಲಿ ಕೇಳಿದರೆ "ಸರ್ವರ್ ಇಲ್ರಿ, ನಾಳಿ ಬರ್ರಿ". ನನಗೆ ಸಿಟ್ಟು ಬರುವುದು ಇಲ್ಲೇ. ಬ್ಯಾಂಕಿಗೆ ಅಗ್ಗದ ರೊಕ್ಕ ಕೊಡುವವರು ನಾವು ಎಸ್‌ಬಿ (ಉಳಿತಾಯ) ಖಾತೆಯವರು, ಅಲ್ವಾ? ನಮಗೆ ಸಿಗುವ ಬಡ್ಡಿ ಶೇ. 2.5ರ ಆಸುಪಾಸು. ಅದನ್ನೇ ಮನೆ ಸಾಲವಾಗಿ ಕೊಟ್ಟರೆ ಸುಮಾರು ಮೂರು ಪಟ್ಟು ವಸೂಲಿ. ಸಿಬ್ಬಂದಿ ಸಂಬಳ, ಕಟ್ಟಡದ ಬಾಡಿಗೆ, ಎಸಿ, ಕೆಟ್ಟ ಸಾಲದ ಹೊರೆ, ಎಲ್ಲಾ ಕಳೆಯುವುದು ಈ ಅಂತರದಲ್ಲೇ. ಖಾತೆಯಲ್ಲಿ ಸುಮ್ನೆ ಬಿದ್ದ ರೊಕ್ಕ ಜಾಸ್ತಿ ಇದ್ದಷ್ಟೂ ಅವರಿಗೆ ಒಳ್ಳೆಯದು, ಆದರೂ ಕ್ಯೂ ನಮಗೇ.

ಇನ್ನು ವಿಮೆಯ ಕಾಟ. ಎಫ್‌ಡಿ ಇಡಲು ಹೋದ ನಮ್ಮ ಕಾಕಾನ ಮುಂದೆ ಪಾಲಿಸಿ ಫಾರ್ಮ್ ಇಟ್ಟು "ಎಫ್‌ಡಿ ಇದ್ದಂಗೇ ಅದರಿ ಕಾಕಾ" ಅಂದರು. ಇದ್ದಂಗೆ ಇಲ್ಲ. ಒಂದೆರಡು ಕಂತು ಕಟ್ಟಿ ಬಿಟ್ಟರೆ ಕೈಗೆ ಬರುವುದು ಕಟ್ಟಿದ್ದಕ್ಕಿಂತ ಕಡಿಮೆ. ಅವರ ಗಡಿಬಿಡಿಗೆ ಕಾರಣ ಉಂಟು. 2025ರ ಆರಂಭದಲ್ಲಿ ಶೇ. 6.5 ಇದ್ದ ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಜೂನ್ ಹೊತ್ತಿಗೆ 5.5ಕ್ಕೆ ಇಳಿಯಿತು. ರೆಪೊಗೆ ಜೋಡಿಸಿದ ಸಾಲದ ಬಡ್ಡಿ ಬೇಗ ಇಳಿಯುತ್ತದೆ, ಹಳೆ ಎಫ್‌ಡಿಗೆ ಮಾತ್ರ ಒಪ್ಪಿದ ಬಡ್ಡಿಯನ್ನು ಅವಧಿ ಮುಗಿಯುವ ತನಕ ಕೊಡಲೇಬೇಕು. ಅಂತರ ಸಣ್ಣದಾದಾಗ ವಿಮೆ ಮಾರಿದ ಕಮಿಷನ್ ರೊಕ್ಕ ಸಿಹಿ ಅನಿಸುತ್ತದೆ, ಅದರಲ್ಲಿ ಸಾಲ ಮುಳುಗುವ ಭಯವೂ ಇಲ್ಲ. ಅರ್ಥವಾಗುತ್ತದೆ, ಆದರೆ ವಯಸ್ಸಾದವರಿಗೆ ಹೀಗೆ ಹೇಳಿದ್ದಕ್ಕೇ ಒಂದು ಸ್ಟಾರ್ ಕತ್ತರಿಸಿದ್ದೇನೆ.

ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಡಿಸೆಂಬರ್, ಜನವರಿಯ ತೊಗರಿ ರಾಶಿ ಹೊತ್ತಿನಲ್ಲಂತೂ ಗಂಜಿನವರ ಕ್ಯಾಶ್ ಎಣಿಕೆ ನಡೆದಿರುತ್ತದೆ, ತೆರೆದಿರುವುದು ಒಂದೇ ಕೌಂಟರ್.