ಎರಡು ದಿನದ ಡಿಸಾಸ್ಟರ್ ಟ್ರೈನಿಂಗಿಗೆ ಹೋಗಿ ಬಂದೆ, ನಮ್ಮ ಕಡೆಯ ನರ್ಸ್‌ಗಳು ಓದಿ

ಕಳೆದ ತಿಂಗಳು ಕಾಸರಗೋಡಿನಲ್ಲಿ ಹೆಲ್ತ್ ವರ್ಕರ್ಸ್‌ಗೆ ಅಂತಲೇ ಮಾಡಿದ ಟ್ರೈನಿಂಗಿಗೆ ಹೋಗಿದ್ದೆ, ಫೀಸು 1500, ಊಟ ಚಹಾ ಅದರಲ್ಲೇ. ನಾನು ಮಂಜೇಶ್ವರ ಕಡೆ ಒಂದು ಸಣ್ಣ ಆಸ್ಪತ್ರೇಲಿ ಸ್ಟಾಫ್ ನರ್ಸ್. ಹೋಗ್ಬಹುದಾ ಅಂತ ಸುಮಾರು ಜನ ಕೇಳಿದ್ರು. ಹೋಗಿ, ಖಂಡಿತ ಹೋಗಿ, ಆದ್ರೆ ಒಂದು ದೊಡ್ಡ ಕೊರತೆ ಉಂಟು.

ಮೊದಲ ದಿನ ಮಧ್ಯಾಹ್ನದವರೆಗೆ ಬರೀ ಸ್ಲೈಡು. ಆಮೇಲೆ ಸಿಪಿಆರ್, ಅಂದ್ರೆ ಹೃದಯ ನಿಂತವರ ಎದೆ ಒತ್ತೋದು, ನಲ್ವತ್ತು ಜನಕ್ಕೆ ಎರಡೇ ಬೊಂಬೆ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು ಅಂತ ನಮಗೆಲ್ಲ ಬಾಯಿಪಾಠ ಉಂಟು, ಆದ್ರೆ ಎರಡು ನಿಮಿಷ ಆಗುವಾಗ ಕೈ ಸೋತು ಒತ್ತುವ ಆಳ ಕಮ್ಮಿ ಆಗ್ತದೆ, ಅದು ಗೊತ್ತಾಗ್ಬೇಕಾದ್ರೆ ಎರಡು ನಿಮಿಷ ಒತ್ತಲೇಬೇಕಲ್ಲ, ನನಗೆ ಸಿಕ್ಕಿದ್ದು ಅರ್ಧ ನಿಮಿಷ.

ಕೊಟ್ಟ ದುಡ್ಡು ವಸೂಲಾದದ್ದು ಎರಡನೇ ದಿನ. ಬಸ್ಸು ಮಗುಚಿ 25 ಜನಕ್ಕೆ ಪೆಟ್ಟಾಗಿದೆ ಅಂತ ಮಾಕ್ ಡ್ರಿಲ್, ಸ್ಟಾರ್ಟ್ ಟ್ರಯಾಜ್ ಪ್ರಕಾರ, ಅಂದ್ರೆ ಯಾರಿಗೆ ಮೊದಲು ಚಿಕಿತ್ಸೆ ಬೇಕು ಅಂತ ಬೇಗ ನೋಡಿ ವಿಂಗಡಿಸುವ ಕ್ರಮದಲ್ಲಿ, ಬಣ್ಣದ ಟ್ಯಾಗ್ ಹಾಕ್ಬೇಕು: ಕೆಂಪಿನವರು ಮೊದಲು, ಹಳದಿಯವರು ಸ್ವಲ್ಪ ಕಾಯಬಹುದು, ಹಸಿರು ಸಣ್ಣ ಪೆಟ್ಟು, ಕಪ್ಪು ಅಂದ್ರೆ ಬದುಕುವ ಆಸೆ ಇಲ್ಲ. ನಡೀಲಿಕ್ಕೆ ಆಗುವವರು ಈಚೆ ಬನ್ನಿ ಅಂತ ಕೂಗೋದು, ಬಂದವರೆಲ್ಲ ಹಸಿರು. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ರೆ ಕೆಂಪು, ಉಗುರು ಒತ್ತಿ ಬಿಟ್ಟ ಮೇಲೆ ಬಣ್ಣ ವಾಪಸ್ ಬರಲಿಕ್ಕೆ 2 ಸೆಕೆಂಡ್ ದಾಟಿದ್ರೆ ಕೆಂಪು, ಹೇಳಿದ ಸಣ್ಣ ಮಾತು ಕೇಳಿ ಮಾಡದಿದ್ರೂ ಕೆಂಪು, ಮೂರೂ ಸರಿ ಇದ್ರೆ ಹಳದಿ. ಶ್ವಾಸದ ದಾರಿ ಬಿಡಿಸಿದ್ರೂ ಉಸಿರಿಲ್ಲದಿದ್ರೆ ಕಪ್ಪು. ಕಪ್ಪು ಟ್ಯಾಗ್ ಕಟ್ಟಿ ಮುಂದಿನವರ ಹತ್ರ ಹೋಗ್ಬೇಕು, ಡ್ರಿಲ್ ಅಂತ ಗೊತ್ತಿದ್ರೂ ನನ್ನ ಕೈ ನಡುಗಿತು.

ಪೇಷಂಟ್ ಆಗಿ ಮಲಗಿದ್ದವರಲ್ಲಿ ಪೈವಳಿಕೆ ಕಡೆಯ ಒಬ್ರು ಅಜ್ಜಿ ಇದ್ರು, ತುಳು ಕನ್ನಡ ಬಿಟ್ರೆ ಬೇರೆ ಬಾರದು. ನನ್ನ ಪಾರ್ಟ್‌ನರ್ ಮಲಯಾಳದಲ್ಲಿ ಕೈ ಗಟ್ಟಿ ಹಿಡೀರಿ ಅಂದ್ಲು, ಅಜ್ಜಿ ಸುಮ್ನೆ ಮುಖ ನೋಡಿದ್ರು, ಕೆಂಪು ಟ್ಯಾಗ್ ಬಿತ್ತು. ನಾನು ಹತ್ರ ಹೋಗಿ ಅಮ್ಮಾ ನನ್ನ ಕೈ ಗಟ್ಟಿ ಹಿಡೀರಿ ಅಂದೆ, ಹಿಡಿದ್ರು ನೋಡಿ! ಅವರು ಹಳದಿ. ನಿಜವಾದ ಆಕ್ಸಿಡೆಂಟಲ್ಲಿ ಆದ್ರೆ ಮೊದಲ ಆಂಬುಲೆನ್ಸ್ ಅವರಿಗೆ ಹೋಗಿ ನಿಜಕ್ಕೂ ರಕ್ತ ಸುರೀತಾ ಇರುವವರು ಕಾಯ್ತಾ ಇರ್ತಿದ್ರು. ಸಪ್ತಭಾಷೆಯ ಜಿಲ್ಲೆ ಅಂತ ಹೇಳ್ತೇವಲ್ಲ, ಆದ್ರೆ ಕೊಟ್ಟ ಬುಕ್ಕು, ಕಾರ್ಡು ಎಲ್ಲ ಮಲಯಾಳ ಮತ್ತು ಇಂಗ್ಲಿಷು, ಒಂದು ಅಕ್ಷರ ಕನ್ನಡ ಇಲ್ಲ. ಟ್ರೈನರ್ ಹತ್ರ ಹೇಳಿದೆ, ಒಳ್ಳೇ ಮನುಷ್ಯ, ತಪ್ಪು ಅಂತ ಒಪ್ಪಿಕೊಂಡ್ರು.

ನೀಲೇಶ್ವರದಲ್ಲಿ 2024ರ ಅಕ್ಟೋಬರ್ ಕೊನೆಗೆ ತೆಯ್ಯಂ ಸಮಯದಲ್ಲಿ ಪಟಾಕಿಗೆ ಬೆಂಕಿ ಬಿದ್ದು 150ಕ್ಕಿಂತ ಹೆಚ್ಚು ಜನಕ್ಕೆ ಗಾಯ ಆಯ್ತಲ್ಲ, ಕಾಞಂಗಾಡಿಂದ ಹಿಡಿದು ಮಂಗಳೂರುವರೆಗೆ ಆಸ್ಪತ್ರೆಗೆ ಸಾಗಿಸಿದ್ರು. ಇಂಥ ಹೊತ್ತಲ್ಲಿ ನಡೀಲಿಕ್ಕೆ ಆಗುವವರೇ ಮೊದಲು ಬಂದು ಕ್ಯಾಶುವಾಲ್ಟಿ ತುಂಬಿಬಿಡ್ತಾರೆ, ಗೇಟಲ್ಲೇ ಇನ್ನೊಮ್ಮೆ ಟ್ರಯಾಜ್ ಮಾಡ್ಬೇಕು ಅಂತ ಚೆನ್ನಾಗಿ ಹೇಳಿಕೊಟ್ರು. ಮಂಗಳೂರಿನ ದಾರಿಯೇ ಬಂದ್ ಆದ್ರೆ ಎಂತ ಮಾಡೋದು ಅಂತ ಮಾತ್ರ ಯಾರೂ ಹೇಳ್ಲಿಲ್ಲ, 2020ರಲ್ಲಿ ಕೊರೋನಾ ಟೈಮಲ್ಲಿ ಮಂಗಳೂರಿಗೆ ಹೋಗುವ ತಲಪಾಡಿ ಗಡಿ ಮುಚ್ಚಿದಾಗ ಪಟ್ಟ ಪಾಡು ನಮಗಿನ್ನೂ ನೆನಪುಂಟು.

ಐದಕ್ಕೆ ಮೂರೂವರೆ ಕೊಡ್ತೇನೆ. ಅಲ್ಲಿಂದ ಬಂದ ಮರುದಿನ ಡ್ಯೂಟಿಗೆ ಹೋದವಳೇ ‘ನಡೀಲಿಕ್ಕೆ ಆಗುವವರು ಈಚೆ ಬನ್ನಿ’, ‘ಕೈ ಗಟ್ಟಿ ಹಿಡೀರಿ’ ಎರಡನ್ನೂ ಕನ್ನಡ, ತುಳು, ಮಲಯಾಳದಲ್ಲಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕ್ಯಾಶುವಾಲ್ಟಿ ಗೋಡೆಗೆ ಅಂಟಿಸಿದ್ದೇನೆ, ಕೊಲ್ಲಂ ಕಡೆಯ ಹೊಸ ಹುಡುಗಿ ಈಗ ತುಳುವಲ್ಲಿ ‘ಇಂಚಿ ಬಲೆ’ (ಈಚೆ ಬನ್ನಿ) ಅಂತ ಪ್ರಾಕ್ಟೀಸ್ ಮಾಡ್ತಿದ್ದಾಳೆ.