ಅಪ್ಪನ ಷೇರು, ಖಾತೆ ಅಮ್ಮನ ಹೆಸರಿಗೆ: ಪೇಟೆಯ ಪತ್ತಿನ ಸಂಘದಲ್ಲಿ ಆದ ಅನುಭವ

ಸಾಗರದ ಕಡೆ ಅಡಿಕೆ ಬೆಳೆಯುವ ಮನೆಗಳಿಗೆ ಯಾವುದಾದರೂ ಪತ್ತಿನ ಸಹಕಾರ ಸಂಘದ ನಂಟು ಇದ್ದೇ ಇರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವರ ಷೇರು, ಉಳಿತಾಯ ಖಾತೆ, ಪಿಗ್ಮಿ, ಎರಡು ಎಫ್‌ಡಿ ಎಲ್ಲ ಅಮ್ಮನ ಹೆಸರಿಗೆ ಆಗಬೇಕಿತ್ತು.

ದುಡ್ಡಿನ ಕೆಲಸ ಸಲೀಸಾಗಿ ಆಯಿತು. ಅಮ್ಮನೇ ನಾಮಿನಿ. ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಪ್ಯಾನ್, ಪಾಸ್‌ಬುಕ್, ಎಫ್‌ಡಿ ರಸೀದಿ ಕೊಟ್ಟೆವು. ಆ ವಾರವೇ ಹಣ ಅಮ್ಮನ ಹೊಸ ಖಾತೆಗೆ ಬಂತು, ಎಫ್‌ಡಿಗಳೂ ಅವರ ಹೆಸರಿಗಾದವು.

ಷೇರಿನದು ಬೇರೆ. ನಾಮಿನಿ ಆದ ಮಾತ್ರಕ್ಕೆ ಸದಸ್ಯರಾಗುವುದಿಲ್ಲ. ಅಮ್ಮ ಸದಸ್ಯತ್ವಕ್ಕೆ ಅರ್ಜಿ ಹಾಕಬೇಕು, ಆಡಳಿತ ಮಂಡಳಿ ಸಭೆಯಲ್ಲಿ ಅದು ಪಾಸಾಗಬೇಕು. ಬೇಡವಾದರೆ ಷೇರು ಹಣ ವಾಪಸ್ ತಗೊಳ್ಳಬಹುದು. ಕೌಂಟರಿನ ಹುಡುಗಿ ಇದನ್ನೆಲ್ಲ ಅಮ್ಮನಿಗೇ ಹೇಳಿದಳು, ನನಗಲ್ಲ. "ಮೆಂಬರ್ ಆದ್ರೆ ಡಿವಿಡೆಂಡ್ ಬರತ್ತೆ, ಸಾಲಾನೂ ಸಿಗತ್ತೆ ಅಮ್ಮಾ. ಯೋಚನೆ ಮಾಡಿ ಹೇಳಿ, ಅರ್ಜೆಂಟಿಲ್ಲ" ಅಂದಳು. ಅದು ನನಗೆ ತುಂಬಾ ಇಷ್ಟವಾಯಿತು.

ಇನ್ನೊಂದು ಒಳ್ಳೆಯ ಕೆಲಸ ಮಾಡಿದಳು. ಅಪ್ಪ ಯಾರ ಸಾಲಕ್ಕಾದರೂ ಜಾಮೀನು ನಿಂತಿದ್ದಾರಾ ಅಂತ ಹಳೇ ರಿಜಿಸ್ಟರ್ ತೆಗೆದು, ಒಂದೊಂದು ಸಾಲಿಗೂ ಬೆರಳಿಟ್ಟು ಹುಡುಕಿದಳು. ಪಕ್ಕದ ಊರಿನವರ ಟ್ರ್ಯಾಕ್ಟರ್ ಸಾಲಕ್ಕೆ ಅಪ್ಪನ ಸಹಿ ಇತ್ತು! ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಘದವರೇ ಸಾಲಗಾರರನ್ನು ಕರೆಸಿ ಬೇರೆ ಜಾಮೀನು ಹಾಕಿಸಿಕೊಂಡರು. ನಿಮ್ಮ ಮನೆಯಲ್ಲೂ ಇಂಥ ಕೆಲಸ ಇದ್ದರೆ ಇದನ್ನು ಮರೆಯದೆ ಕೇಳಿ.

ಬೇಜಾರಾಗಿದ್ದೂ ಇದೆ. ಮೂಲ ಷೇರು ಸರ್ಟಿಫಿಕೇಟ್ ಒಪ್ಪಿಸಿದರೆ ಸ್ವೀಕೃತಿ ಕೊಡಲಿಲ್ಲ. ಒತ್ತಾಯ ಮಾಡಿದ ಮೇಲೆ ಜೆರಾಕ್ಸ್ ಮೇಲೆ ಸೀಲು ಹಾಕಿ ಸಹಿ ಮಾಡಿದರು. ಆ ತಿಂಗಳು ಕೋರಂ ಇಲ್ಲದೆ, ಅಂದರೆ ಬೇಕಾದಷ್ಟು ಜನ ಬಾರದೆ, ಮಂಡಳಿ ಸಭೆ ಮುಂದಕ್ಕೆ ಹೋಯಿತು, ಒಂದು ಫೋನೂ ಇಲ್ಲ. ವಯಸ್ಸಾದವರನ್ನು ಸುಮ್ನೆ ಬಸ್ಸು ಹತ್ತಿಸಿ ಕರೆಸುವುದು ಸರಿಯಲ್ಲ ಅಲ್ವಾ?

ಇಲ್ಲಿ ಬ್ಯಾಂಕಿಗಿಂತ ಬಡ್ಡಿ ಸ್ವಲ್ಪ ಜಾಸ್ತಿ. ಆದರೆ 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ. ಪತ್ತಿನ ಸಂಘಗಳಿಗೆ ಅದಿಲ್ಲ. ಹಾಗಾಗಿ ದೊಡ್ಡ ಎಫ್‌ಡಿಯನ್ನು ಅವಧಿ ಮುಗಿದ ಮೇಲೆ ಬ್ಯಾಂಕಿಗೆ ಹಾಕುತ್ತೇವೆ. ಚಿಕ್ಕದು, ಪಿಗ್ಮಿ, ಷೇರು ಇಲ್ಲೇ ಇರುತ್ತವೆ. ಅಮ್ಮ ಈಗ ಸದಸ್ಯೆ.