ಮಾಡ್ಯುಲೆನ್ ಐಬಿಡಿ: ವಾಂತಿ ನಿಲ್ಲದ ಹದಿಹರೆಯದವರಿಗೆ ಈ ಪುಡಿ ಹೇಗೆ?

ಕ್ರೋನ್ಸ್ ಎಂಬ, ಕರುಳಿನಲ್ಲಿ ಉರಿಯೂತ ತರುವ ದೀರ್ಘಕಾಲದ ಕಾಯಿಲೆ ಇರುವ ಮಕ್ಕಳಿಗೆ ಆರರಿಂದ ಎಂಟು ವಾರ ಬೇರೆ ಊಟವೇ ಇಲ್ಲದೆ ಬರೀ ದ್ರವಾಹಾರ ಕೊಡುವ ಚಿಕಿತ್ಸೆ ಒಂದಿದೆ. ಅದಕ್ಕೆ ಬಳಸುವ ಪುಡಿಗಳಲ್ಲಿ ನೆಸ್ಲೆಯ ಮಾಡ್ಯುಲೆನ್ ಐಬಿಡಿ ಹೆಸರು ಮಾಡಿದ್ದು. ಇದರ ಬಗ್ಗೆ ಯಾರನ್ನು ಕೇಳಿದರೂ ಮಾತು ರುಚಿಯಲ್ಲೇ ಶುರುವಾಗಿ ರುಚಿಯಲ್ಲೇ ಮುಗಿಯುತ್ತದೆ. ದಿನಕ್ಕೆ ಮೂರು ಸಲ ವಾಂತಿ ಮಾಡುವ ಹುಡುಗ ಅಥವಾ ಹುಡುಗಿಯ ವಿಷಯದಲ್ಲಿ ರುಚಿ ಎರಡನೆಯ ಮಾತು. ಇದನ್ನು ಎಷ್ಟು ನಿಧಾನವಾಗಿ ಒಳಗೆ ಕಳಿಸುತ್ತೀರಿ ಎಂಬುದೇ ಮೊದಲನೆಯದು. ಪುಡಿ ಒಳ್ಳೆಯದೇ. ಕೊಡುವ ಕ್ರಮ ತಪ್ಪಿ ಎರಡೇ ದಿನಕ್ಕೆ 'ನಮ್ಮ ಮಗುವಿಗೆ ಇದು ಆಗಲ್ಲ' ಎಂದು ಡಬ್ಬಿ ಮುಚ್ಚಿಡುವವರೇ ಹೆಚ್ಚು.

ಡಬ್ಬಿ ತೆರೆಯುವ ಮೊದಲು ಒಂದು ವಿಷಯ ಖಚಿತವಾಗಿರಬೇಕು: ವಾಂತಿ ಯಾಕೆ ಬರುತ್ತಿದೆ? ಕ್ರೋನ್ಸ್‌ನಲ್ಲಿ ಸಣ್ಣ ಕರುಳು ಎಲ್ಲೋ ಒಂದು ಕಡೆ ಕಿರಿದಾಗಿ ಅಡ್ಡಗಟ್ಟಿದ್ದರೆ ಎಂಥ ಪುಡಿಯೂ ದಾರಿ ಬಿಡಿಸುವುದಿಲ್ಲ. ಹಸಿರು ಪಿತ್ತ ಬರುವ ವಾಂತಿ, ಅಲೆಅಲೆಯಾಗಿ ಹಿಂಡಿ ಬರುವ ನೋವು, ಉಬ್ಬಿ ಬಿಗಿದ ಹೊಟ್ಟೆ, ಗಾಳಿಯೂ ಮಲವೂ ಹೋಗದಿರುವುದು: ಇವು ಕಂಡರೆ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ. ರಕ್ತ ಅಥವಾ ಕಾಫಿ ಪುಡಿಯಂಥದ್ದು ವಾಂತಿಯಲ್ಲಿ ಬಂದರೂ ಅಷ್ಟೇ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗು ಮಾತ್ರೆಯನ್ನೇ ಕಕ್ಕಿಕೊಳ್ಳುತ್ತಿದ್ದರೆ ಅದೂ ತುರ್ತು. ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಆ ಹೊತ್ತಿಗೆ ಬಹಳ ಕಡಿಮೆ ಮಾಡಿರುತ್ತದೆ. ಹೊರಗಿನ ಡೋಸೂ ತಪ್ಪಿದರೆ ರಕ್ತದೊತ್ತಡ ಕುಸಿಯಬಹುದು. ಅಂಥ ಸಮಯದಲ್ಲಿ ಚುಚ್ಚುಮದ್ದಿನ ಮೂಲಕವೇ ಕೊಡಬೇಕಾಗುತ್ತದೆ.

ಅಷ್ಟು ಗಂಭೀರವಲ್ಲದ ಕಾರಣಗಳೂ ಇವೆ. ಅವನ್ನು ಪತ್ತೆ ಹಚ್ಚಲು ಒಂದು ಹಾಳೆ ಸಾಕು: ವಾಂತಿಯ ಗಂಟೆ, ಬಣ್ಣ, ಅಂದಾಜು ಪ್ರಮಾಣ, ಅದಕ್ಕೂ ಮೊದಲು ಹೊಟ್ಟೆಗೆ ಹೋದದ್ದು, ಆ ದಿನದ ಔಷಧಿ. ಕ್ರೋನ್ಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಔಷಧಿಯನ್ನು ವಾರಕ್ಕೊಮ್ಮೆ ತೆಗೆದುಕೊಂಡ ಮರುದಿನವೇ ವಾಂತಿ ಬರುತ್ತಿದ್ದರೆ ಹಾಳೆಯ ಮೇಲೆ ಅದು ತಾನಾಗಿ ಎದ್ದು ಕಾಣುತ್ತದೆ. ಡೋಸಿಗೆ ಒಂದು ಗಂಟೆ ಮೊದಲು ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಕೊಡುವ, ಡೋಸನ್ನು ರಾತ್ರಿಗೆ ತಳ್ಳುವ ಉಪಾಯಗಳನ್ನು ವೈದ್ಯರ ಬಳಿ ಕೇಳಬಹುದು. ಕ್ರೋನ್ಸ್‌ನ ಇನ್ನೊಂದು ಔಷಧಿ ಅಜಾಥಯೊಪ್ರಿನ್ ಶುರುವಾದ ಮೊದಲ ಕೆಲವು ವಾರಗಳಲ್ಲಿ ಮೇಲುಹೊಟ್ಟೆ ನೋವಿನ ಜೊತೆ ವಾಂತಿ ಬಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಇದೆಯೇ ಎಂದು ರಕ್ತಪರೀಕ್ಷೆ ಆಗಲೇಬೇಕು. ಕಬ್ಬಿಣದ ಮಾತ್ರೆ, ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಎರಡೂ ಓಕರಿಕೆ ತರಿಸುವುದರಲ್ಲಿ ಹೆಸರುವಾಸಿ. ಇವನ್ನೆಲ್ಲ ಬಿಟ್ಟು ಹೊಸ ಪುಡಿಯ ಮೇಲೆ ತಪ್ಪು ಹೊರಿಸಿದರೆ ಪುಡಿಗೂ ಅನ್ಯಾಯ, ಮಗುವಿಗೂ ಅನ್ಯಾಯ.

ಈಗ ಪುಡಿಯ ವಿಷಯ. ಇದರಲ್ಲಿ ಪ್ರೋಟೀನು ಹಾಲಿನ ಕೇಸೀನ್. ಜಿಡ್ಡಿನ ಸುಮಾರು ಕಾಲು ಭಾಗ ದೇಹ ಸುಲಭವಾಗಿ ಹೀರಿಕೊಳ್ಳುವ ಎಂಸಿಟಿ ಎಂಬ ಬಗೆಯ ಕೊಬ್ಬು. ನಾರಿನಂಶ ಇಲ್ಲ, ಗ್ಲುಟೆನ್ ಇಲ್ಲ. ಲ್ಯಾಕ್ಟೋಸ್ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇದ್ದವರಿಗೆ ಮಾತ್ರ ಇದು ಬೇಡವೇ ಬೇಡ. ಉರಿಯೂತ ತಗ್ಗಿಸುತ್ತದೆ ಎನ್ನಲಾಗುವ ಟಿಜಿಎಫ್-ಬೀಟಾ 2 ಎಂಬ ಅಂಶ ಇದರಲ್ಲಿದೆ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಹೇಳಿಕೊಂಡಿದ್ದಾರೆ. ಅದಕ್ಕೆ ಹೆಚ್ಚು ತೂಕ ಕೊಡಬೇಕಿಲ್ಲ, ಆ ಅಂಶವಿಲ್ಲದ ದ್ರವಾಹಾರಗಳೂ ಇದರಷ್ಟೇ ಕೆಲಸ ಮಾಡುತ್ತವೆ. ಚಿಕಿತ್ಸೆಯ ಬಲ ಇರುವುದು ಬೇರೆ ಆಹಾರ ಪೂರ್ತಿ ನಿಲ್ಲಿಸುವುದರಲ್ಲಿ. ಮಕ್ಕಳ ಕ್ರೋನ್ಸ್‌ನಲ್ಲಿ ಕರುಳಿನ ಉರಿಯೂತ ಇಳಿಸಲು ಈ ಕ್ರಮವನ್ನು ಸ್ಟೀರಾಯ್ಡ್‌ಗಿಂತ ಮೊದಲು ಯೋಚಿಸಿ ಎಂದು ಯುರೋಪಿನ ಇಸಿಸಿಒ ಮತ್ತು ಎಸ್ಪಿಘಾನ್ ತಜ್ಞರ ಮಾರ್ಗಸೂಚಿ ಹೇಳುವುದೂ ಇದೇ ಕಾರಣಕ್ಕೆ. ಬೆಳೆಯುವ ವಯಸ್ಸಿನಲ್ಲಿ ಸ್ಟೀರಾಯ್ಡ್ ತಪ್ಪಿದರೆ ಎತ್ತರಕ್ಕೂ ಮೂಳೆಗೂ ಲಾಭ.

ಅಳತೆ ಸರಳವಾಗಿದೆ. 210 ಮಿ.ಲೀ. ನೀರಿಗೆ ಮಟ್ಟ ಮಾಡಿದ 6 ಸ್ಕೂಪ್, ಅಂದರೆ 50 ಗ್ರಾಂ ಪುಡಿ. ಸಿಗುವುದು ಸುಮಾರು 250 ಮಿ.ಲೀ., ಮಿ.ಲೀ.ಗೆ 1 ಕ್ಯಾಲೊರಿ. 400 ಗ್ರಾಮಿನ ಒಂದು ಡಬ್ಬಿಗೆ ಹತ್ತಿರಹತ್ತಿರ 2 ಲೀಟರ್. ಹದಿಹರೆಯದವರಿಗೆ ದಿನಕ್ಕೆ 2,000ದಿಂದ 2,500 ಕ್ಯಾಲೊರಿ ಬೇಕಾಗುವುದು ಸಾಮಾನ್ಯವಾದ್ದರಿಂದ ದಿನಕ್ಕೊಂದು ಡಬ್ಬಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಖರ್ಚಾಗುತ್ತದೆ. ಮನೆಯಲ್ಲಿ ವಾರಕ್ಕಾಗುವಷ್ಟು ದಾಸ್ತಾನು ಇಲ್ಲದೆ ಶುರು ಮಾಡಬಾರದು. ನಡುವೆ ಎರಡು ದಿನ ಪುಡಿ ಸಿಗದೆ ಊಟಕ್ಕೆ ಇಳಿದರೆ ಅಲ್ಲಿಯವರೆಗಿನ ಶ್ರಮ ನೀರಲ್ಲಿ ಹೋಮ.

ಕಲಸುವಾಗ ಎಡವುವುದು ನೀರಿನ ಬಿಸಿಯಲ್ಲಿ. ಕುದಿಸಿ ಆರಿಸಿದ ನೀರು ಬೇಕು, ಬಿಸಿ ನೀರಲ್ಲ. ಬಿಸಿ ನೀರಿನಲ್ಲಿ ಪುಡಿ ಹೊರಗಡೆ ನೆನೆದು ಒಳಗೆ ಒಣಗಿದ ಗಂಟುಗಳಾಗುತ್ತವೆ, ಶೇಕರ್ ಎಷ್ಟು ಅಲ್ಲಾಡಿಸಿದರೂ ಒಡೆಯುವುದಿಲ್ಲ. ಮೊದಲು ನೀರು, ಆಮೇಲೆ ಪುಡಿ. ಅರ್ಧ ನಿಮಿಷ ಅಲ್ಲಾಡಿಸಿ, ಐದು ನಿಮಿಷ ಬಿಟ್ಟು ನೊರೆ ಇಳಿಸಬೇಕು. ನೊರೆ ಸಮೇತ ಕುಡಿದರೆ ಹೊಟ್ಟೆಗೆ ಗಾಳಿ ಸೇರುತ್ತದೆ, ಮುಂದಿನ ತೇಗಿನ ಜೊತೆ ಕುಡಿದದ್ದೂ ಮೇಲೆ ಬರುತ್ತದೆ. ಇಷ್ಟು ಚಿಕ್ಕ ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ಕಲಸಿದ್ದು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ. ಅದರಾಚೆ ಉಳಿದದ್ದು ಸಿಂಕಿಗೆ. ಕ್ಯಾಲೊರಿ ಬೇಗ ಸೇರಲಿ ಎಂದು ನೀರು ಕಡಿಮೆ ಮಾಡಿ ಗಟ್ಟಿಯಾಗಿ ಕಲಸುವ ಆಸೆ ಬರುತ್ತದೆ. ವಾಂತಿ ಇರುವವರಲ್ಲಿ ಇದು ತಿರುಗುಬಾಣ: ದ್ರವ ಗಟ್ಟಿಯಾದಷ್ಟೂ ಹೊಟ್ಟೆ ಖಾಲಿಯಾಗುವುದು ತಡ. ಡಯಟಿಶಿಯನ್ ಹೇಳಿದ ಹೊರತು ಅಳತೆ ಮುಟ್ಟಬೇಡಿ.

ರುಚಿಯೇನೂ ಅಸಹ್ಯವಲ್ಲ. ಸಪ್ಪೆ ಹಾಲಿನ ಪುಡಿಯ ರುಚಿ, ಕೊನೆಯಲ್ಲಿ ನಾಲಿಗೆಗೆ ಸ್ವಲ್ಪ ಸುಣ್ಣದಂತೆ ಅಂಟುತ್ತದೆ. ಓಕರಿಕೆ ಇರುವವರಿಗೆ ತೊಂದರೆ ಕೊಡುವುದು ಹೆಚ್ಚಾಗಿ ವಾಸನೆ. ಚೆನ್ನಾಗಿ ತಣ್ಣಗೆ ಮಾಡಿ, ಮುಚ್ಚಳವಿರುವ ಲೋಟದಲ್ಲಿ ಸ್ಟ್ರಾ ಹಾಕಿ ಕೊಟ್ಟರೆ ವಾಸನೆ ಮೂಗಿಗೆ ಬಡಿಯುವುದಿಲ್ಲ. ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ ಐಸ್‌ಕ್ಯಾಂಡಿಯಂತೆ ಚೀಪಿಸುವುದೂ ನಡೆಯುತ್ತದೆ, ಲೆಕ್ಕದಲ್ಲಿ ಮಿ.ಲೀ. ಬರೆದುಕೊಂಡರೆ ಸಾಕು. ಫ್ಲೇವರ್ ಬೇಕಿದ್ದರೆ ಕಂಪನಿಯದ್ದೋ ಡಯಟಿಶಿಯನ್ ಒಪ್ಪಿದ್ದೋ ಮಾತ್ರ.

ವಾಂತಿಯಲ್ಲಿ ಬಿಳಿ ಮೊಸರಿನ ಗಡ್ಡೆಗಳು ಕಂಡರೆ ಗಾಬರಿಯಾಗುವವರು ಬಹಳ. ಕೇಸೀನ್ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿದ ಕೂಡಲೇ ಒಡೆದು ಗಡ್ಡೆಯಾಗುವುದು ಅದರ ಗುಣ. ಪುಡಿ ಕೆಟ್ಟಿದೆ ಎಂದೋ ಜೀರ್ಣವಾಗಿಲ್ಲ ಎಂದೋ ಅರ್ಥವಲ್ಲ. ಆದರೆ ಇದೇ ಗುಣ ಈ ಪುಡಿಯ ದೌರ್ಬಲ್ಯವೂ ಹೌದು. ಹೊಟ್ಟೆ ಮೊದಲೇ ನಿಧಾನವಾಗಿ ಖಾಲಿಯಾಗುವವರಲ್ಲಿ, ಜಠರ ಮತ್ತು ಡ್ಯುಯೊಡಿನಮ್‌ಗೆ (ಸಣ್ಣ ಕರುಳಿನ ಮೊದಲ ಭಾಗ) ಕ್ರೋನ್ಸ್ ತಗುಲಿದವರಲ್ಲಿ ಗಡ್ಡೆ ಇನ್ನಷ್ಟು ಹೊತ್ತು ಕೂರುತ್ತದೆ. ಕುಡಿದು ಎರಡು ಮೂರು ಗಂಟೆಯ ಮೇಲೂ ಗಡ್ಡೆ ಗಡ್ಡೆಯಾಗಿಯೇ ವಾಪಸ್ಸು ಬರುತ್ತಿದ್ದರೆ ವ್ಹೇ ಪ್ರೋಟೀನಿನ, ಮೊದಲೇ ತುಂಡರಿಸಿದ ಪೆಪ್ಟೈಡ್ ದ್ರವಾಹಾರಕ್ಕೆ ಬದಲಿಸಬಹುದೇ ಎಂದು ಕೇಳಿ. ಪೆಪ್ಟಮೆನ್ ಆ ಜಾತಿಯದು. ಆಮ್ಲದಲ್ಲಿ ಗಡ್ಡೆಯಾಗುವುದಿಲ್ಲ, ಬೇಗ ಕೆಳಗಿಳಿಯುತ್ತದೆ. ಕಹಿ ಮಾತ್ರ ಜೋರು, ಹಾಗಾಗಿ ಬಾಯಿಯಿಂದ ಕುಡಿಯುವವರಿಗಿಂತ ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲಿ ತೆಗೆದುಕೊಳ್ಳುವವರಿಗೆ ಹೊಂದುತ್ತದೆ.

ಕೊಡುವ ವೇಗಕ್ಕೆ ಬರೋಣ, ಇಡೀ ವಿಷಯ ನಿಂತಿರುವುದೇ ಇಲ್ಲಿ. ಮೊದಲ ದಿನವೇ 2 ಲೀಟರಿನ ಗುರಿ ಇಟ್ಟರೆ ಸಂಜೆಯೊಳಗೆ ವಾಂತಿ ಗ್ಯಾರಂಟಿ. ಮೊದಲ ದಿನ ಗುರಿಯ ಕಾಲು ಭಾಗ, ನಾಲ್ಕೈದು ದಿನದಲ್ಲಿ ಪೂರ್ತಿ. ತೂಕ ಬಹಳ ಇಳಿದ, ವಾರಗಟ್ಟಲೆ ಸರಿಯಾಗಿ ತಿನ್ನದ ಮಗುವಿಗೆ ಈ ಏರಿಕೆ ಇನ್ನೂ ನಿಧಾನವಾಗಿರಬೇಕು. ಹಸಿದ ದೇಹಕ್ಕೆ ಒಮ್ಮೆಲೇ ಕ್ಯಾಲೊರಿ ಸುರಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ಅಪಾಯ. ಮೊದಲ ವಾರದಲ್ಲಿ ರಕ್ತಪರೀಕ್ಷೆ ಬರೆದುಕೊಟ್ಟರೆ ಅದನ್ನು ತಪ್ಪಿಸಬಾರದು. ಬಾಯಿಯಿಂದ ಕುಡಿಯುವಾಗ ಒಂದು ಲೋಟ ಗಟಗಟ ಇಳಿಸುವುದಲ್ಲ: ಮೂರು ನಿಮಿಷಕ್ಕೊಂದು 15 ಮಿ.ಲೀ. ಗುಟುಕು, 200 ಮಿ.ಲೀ. ಮುಗಿಯಲು ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಹದಿಹರೆಯದವರ ಕೈಗೆ ಮೊಬೈಲ್ ಟೈಮರ್ ಕೊಟ್ಟುಬಿಡಿ. ಅಪ್ಪ ಅಮ್ಮ ತಲೆಯ ಮೇಲೆ ನಿಂತು 'ಕುಡಿ, ಕುಡಿ' ಎನ್ನುವುದಕ್ಕಿಂತ ಅದು ಎಷ್ಟೋ ವಾಸಿ. ಕುಡಿದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ.

ವಾಂತಿಯಾದ ಕೂಡಲೇ ಪುಡಿಗೆ ಮರಳಬೇಡಿ. ಹತ್ತು ನಿಮಿಷ ಬಿಟ್ಟು ಓಆರ್‌ಎಸ್, ಐದು ನಿಮಿಷಕ್ಕೆ 10 ಮಿ.ಲೀ.ಯಂತೆ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದ, ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇರುವ ಪೊಟ್ಟಣವೇ ಆಗಲಿ. ಕ್ರೀಡಾಪಾನೀಯಗಳಲ್ಲಿ ಉಪ್ಪು ಕಡಿಮೆ, ಸಕ್ಕರೆ ಜಾಸ್ತಿ. ಒಂದೆರಡು ಗಂಟೆ ಹೊಟ್ಟೆಯಲ್ಲಿ ನಿಂತರೆ ಅರ್ಧ ವೇಗದಲ್ಲಿ ಮತ್ತೆ ಪುಡಿ. ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಅಥವಾ ಓಆರ್‌ಎಸ್ ಕೂಡ ನಿಲ್ಲದಿದ್ದರೆ ಮನೆಯ ಪ್ರಯತ್ನ ಅಲ್ಲಿಗೆ ಸಾಕು, ಡ್ರಿಪ್ ಬೇಕಾಗುತ್ತದೆ.

ಗುಟುಕಿನಲ್ಲಿ ದಿನಕ್ಕೆ ಗುರಿಯ ಮುಕ್ಕಾಲೂ ಸೇರದೆ ಮೂರ್ನಾಲ್ಕು ದಿನ ಕಳೆದರೆ ಮೂಗಿನ ಟ್ಯೂಬಿನ ಮಾತೆತ್ತುವುದು ಒಳ್ಳೆಯದು. ಇದನ್ನು ಶಿಕ್ಷೆಯಂತೆ ಬೆದರಿಕೆಗೆ ಬಳಸುವವರಿದ್ದಾರೆ, ಅಲ್ಲಿಗೆ ಮಗುವಿನ ಸಹಕಾರ ಮುಗಿಯಿತು. ಟ್ಯೂಬಿಗೆ ದ್ರವ ತಳ್ಳುವ ಪಂಪಿನ ಲೆಕ್ಕ ನೋಡಿ: ರಾತ್ರಿ ಹತ್ತು ತಾಸು, ಗಂಟೆಗೆ 100 ಮಿ.ಲೀ.ಯಂತೆ ಹೋದರೆ ಬೆಳಗಾಗುವಷ್ಟರಲ್ಲಿ 1 ಲೀಟರ್ ಮುಗಿದಿರುತ್ತದೆ. ಹಗಲಿಗೆ ಉಳಿಯುವುದು 200ರ ಐದು ಲೋಟ. ಪಂಪಿನ ವೇಗವೂ ಗಂಟೆಗೆ 25 ಮಿ.ಲೀ.ಯಿಂದ ಶುರುವಾಗಿ ಏರಬೇಕು. ಮಿ.ಲೀ. ಲೆಕ್ಕದಲ್ಲಿ ಹನಿಹನಿಯಾಗಿ ಹೋಗುವುದನ್ನು ಹೊಟ್ಟೆ ತಡೆದುಕೊಳ್ಳುತ್ತದೆ, 200 ಮಿ.ಲೀ. ಒಮ್ಮೆಲೇ ಬಿದ್ದರೆ ತಡೆಯುವುದಿಲ್ಲ.

ಇಲ್ಲಿ ಮಾಡ್ಯುಲೆನ್‌ನ ಇನ್ನೊಂದು ತೊಡಕು ಬಯಲಾಗುತ್ತದೆ. ಪುಡಿಯಾದ್ದರಿಂದ ಗಂಟು ಉಳಿದರೆ 6 ಅಥವಾ 8 ಫ್ರೆಂಚ್ ಅಳತೆಯ ಸಪೂರ ಟ್ಯೂಬ್ ಕಟ್ಟಿಕೊಳ್ಳುತ್ತದೆ, ನಡುರಾತ್ರಿ ಪಂಪಿನ ಅಲಾರಂ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿಯೇ ಪಂಪಿನ ಚೀಲಕ್ಕೆ ಹಾಕಬೇಕು, ಮೊದಲೂ ಕೊನೆಗೂ ಟ್ಯೂಬಿಗೆ 20ರಿಂದ 30 ಮಿ.ಲೀ. ನೀರು ಹಾಯಿಸಬೇಕು. ಚೀಲಕ್ಕೆ ಒಮ್ಮೆಗೆ 4 ಗಂಟೆಯಷ್ಟು ಮಾತ್ರ, ಅಂದರೆ ರಾತ್ರಿ ಎರಡು ಸಲ ಏಳುವ ಕೆಲಸ. ಮೊದಲೇ ಕಲಸಿ ಸ್ಟೆರೈಲ್ ಮಾಡಿದ ಬಾಟಲಿಯ ದ್ರವಾಹಾರ ಸಿಕ್ಕರೆ ರಾತ್ರಿಗೆ ಅದೇ ಲೇಸು, ಹಗಲಿಗೆ ಮಾಡ್ಯುಲೆನ್ ಇರಲಿ. ತಲೆದಿಂಬು 30ರಿಂದ 45 ಡಿಗ್ರಿ ಎತ್ತರಕ್ಕಿರಬೇಕು.

ವಾಂತಿಯ ಹೊಡೆತಕ್ಕೆ ಟ್ಯೂಬಿನ ತುದಿ ಜಾಗ ಬಿಟ್ಟು ಅನ್ನನಾಳಕ್ಕೆ ಬಂದು ಮಡಚಿಕೊಳ್ಳುವುದುಂಟು. ಮೂಗಿನ ಹತ್ತಿರ ಹಾಕಿದ ಗುರುತು ಸರಿದಿಲ್ಲವಾದರೂ ನಂಬುವಂತಿಲ್ಲ. ಪ್ರತಿ ವಾಂತಿಯ ನಂತರ ಪಂಪ್ ನಿಲ್ಲಿಸಿ, ಸಿರಿಂಜಿನಲ್ಲಿ ಸ್ವಲ್ಪ ದ್ರವ ಎಳೆದು ಪಿಎಚ್ ಪಟ್ಟಿಗೆ ತಾಗಿಸಿ. 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದುವರಿಸಬೇಕು. ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಮಾತ್ರೆ ನಡೆಯುತ್ತಿದ್ದರೆ ಅಂಕಿ ಮೇಲೇ ಬರಬಹುದು. ಆಗ ಏನು ಮಾಡಬೇಕೆಂದು ನರ್ಸ್ ಬಳಿ ಮೊದಲೇ ಬರೆಸಿಕೊಂಡಿರಿ, ಅನುಮಾನವಿದ್ದರೆ ಆ ರಾತ್ರಿ ಕೊಡಬೇಡಿ. ದ್ರವ ಶ್ವಾಸಕೋಶಕ್ಕೆ ಹೋಗುವ ಅಪಾಯದ ಮುಂದೆ ಒಂದು ರಾತ್ರಿಯ ಕ್ಯಾಲೊರಿ ಯಾವ ಲೆಕ್ಕ? ಟ್ಯೂಬನ್ನು ರಾತ್ರಿ ತಾವೇ ಹಾಕಿಕೊಂಡು ಬೆಳಗ್ಗೆ ತೆಗೆದಿಟ್ಟು ಶಾಲೆಗೆ ಹೋಗುವುದನ್ನು ಕಲಿಯುವ ಮಕ್ಕಳೂ ಇದ್ದಾರೆ. ಕಲಿಸುವುದು ಆಸ್ಪತ್ರೆಯಲ್ಲೇ ಆಗಬೇಕು.

ವಾಂತಿ ತಡೆಯುವ ಮಾತ್ರೆಗಳ ಬಗ್ಗೆ ಎರಡೇ ಮಾತು. ನಾಲಿಗೆಯ ಮೇಲೆ ಕರಗುವ ಒಂಡಾನ್ಸೆಟ್ರಾನ್ ಉಪಯುಕ್ತ, ಮಲಬದ್ಧತೆ ತರುತ್ತದೆ, ಹೃದಯದ ಲಯದ ತೊಂದರೆ ಇದ್ದವರಿಗೆ ಮೊದಲೇ ಇಸಿಜಿ ಬೇಕು. ಮೆಟೊಕ್ಲೊಪ್ರಮೈಡ್ ಕಿರಿಯರಲ್ಲಿ ಕುತ್ತಿಗೆ, ಕಣ್ಣು ಸೆಟೆದುಕೊಳ್ಳುವಂತೆ ಮಾಡಬಲ್ಲದು, ಕರುಳು ಅಡ್ಡಗಟ್ಟಿದ್ದರೆ ಕೊಡಲೇಬಾರದು. ಮನೆಯಲ್ಲಿ ಉಳಿದಿದೆ ಎಂದು ಕೊಡುವ ಮಾತ್ರೆ ಇದಲ್ಲ.

ಅವಧಿ ಮುಗಿದು ಊಟ ಮರಳುವಾಗ ಎರಡು ಮೂರು ದಿನಕ್ಕೊಂದು ಸಣ್ಣ ಊಟ ಸೇರಿಸಿ, ಅಷ್ಟೇ ಕ್ಯಾಲೊರಿಯ ಪುಡಿ ಇಳಿಸುತ್ತಾ ಹೋಗುತ್ತಾರೆ. ದ್ರವ ಕುಡಿಯುವಾಗ ನಿಂತಿದ್ದ ವಾಂತಿ ಗಟ್ಟಿ ಆಹಾರ ಬಂದ ವಾರದಲ್ಲೇ ಮರುಕಳಿಸಿದರೆ ಕರುಳಿನಲ್ಲಿ ಉರಿಯೂತ ಇಳಿದ ಮೇಲೂ ಉಳಿದ ಗಾಯದ ಕಲೆ ದಾರಿ ಕಿರಿದು ಮಾಡಿದೆಯೇ ಎಂಬ ಅನುಮಾನ ಬರಬೇಕು. ಆಗ ಗಟ್ಟಿ ಆಹಾರ ನಿಲ್ಲಿಸಿ, ಪುಡಿಯ ಹಿಂದಿನ ಪ್ರಮಾಣಕ್ಕೆ ಮರಳಿ, ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಯಾವಾಗ ಮಾಡುತ್ತೀರಿ ಎಂದು ಅದೇ ದಿನ ಫೋನ್ ಮಾಡಿ ಕೇಳಿ. ವಾಂತಿಯ ಹಾಳೆ ಎದುರಿಗಿಟ್ಟುಕೊಂಡು ಮಾತಾಡಿದರೆ ಉತ್ತರ ಬೇಗ ಸಿಗುತ್ತದೆ.